ಲವಾನ್ ಟೀಗ್ ಒತ್ತದ ಗುಂಡಿ

ಲಾರಿ ಓಡಿಸಿದ ಗಂಟೆಗಳನ್ನು ತಾನೇ ದಾಖಲಿಸಿಕೊಳ್ಳುವ ಯಂತ್ರ ನಮ್ಮ ಕ್ಯಾಬಿನ್ನುಗಳಿಗೆ ಬಂದ ವರ್ಷ, ಅದನ್ನು ಒಳ್ಳೆಯದೆಂದವಳು ನಮ್ಮಲ್ಲಿ ಲವಾನ್ ಟೀಗ್ ಒಬ್ಬಳೇ. ಮಿಸೌರಿಯ ಜಾಪ್ಲಿನ್ ಊರಿನವಳು, ಒರಟು ಮಾತಿನ ಹೆಂಗಸು. ನಾವಿಬ್ಬರೂ ಒಂದೇ ಕಂಪನಿಗೆ ಕೋಳಿಮಾಂಸ ಸಾಗಿಸುತ್ತಿದ್ದೆವು.

ಅಲ್ಲಿಯವರೆಗೆ ಇದ್ದದ್ದು ಕಾಗದದ ಪುಸ್ತಕ. ದಿನಕ್ಕೆ ಹೆಚ್ಚೆಂದರೆ ಹನ್ನೊಂದು ಗಂಟೆ ಓಡಿಸಿ ಹತ್ತು ಗಂಟೆ ವಿಶ್ರಾಂತಿ ಪಡೆಯಬೇಕೆಂದು ಕಾನೂನು. ಇಷ್ಟು ಹೊತ್ತು ಓಡಿಸಿದೆ, ಇಷ್ಟು ಹೊತ್ತು ಮಲಗಿದೆ ಎಂದು ಪುಸ್ತಕದಲ್ಲಿ ಗೆರೆ ಎಳೆಯುವವರು ನಾವೇ ಆದ್ದರಿಂದ ಕಾನೂನು ಯಾರಿಗೂ ಭಾರವಾಗಿರಲಿಲ್ಲ.

ಲವಾನಳ ಗಂಡ ಆರ್ವಿಲ್ ಬೇರೆ ಕಂಪನಿಯ ಲಾರಿ ಓಡಿಸುತ್ತಿದ್ದ. ಹಿಂದಿನ ದಿನವೆಲ್ಲ ನಿದ್ದೆಯಿಲ್ಲದೆ ಓಡಿಸಿ, ಒಕ್ಲಹೋಮದಲ್ಲಿ ಸೇತುವೆಯ ಕಂಬಕ್ಕೆ ಗುದ್ದಿ ಸತ್ತ. ಕ್ಯಾಬಿನ್ನಿನಲ್ಲಿ ಸಿಕ್ಕ ಪುಸ್ತಕದ ಪ್ರಕಾರ ಮಾತ್ರ ಅವನು ಕಣ್ತುಂಬ ನಿದ್ದೆ ಮಾಡಿ ಎದ್ದಿದ್ದ. "ಅವನೇ ಸಹಿ ಹಾಕಿದಾನಲ್ಲಮ್ಮ" ಎಂದು ಕಂಪನಿಯವರು ಕೈ ತೊಳೆದುಕೊಂಡರು.

ಹಾಗಾಗಿ ಯಂತ್ರ ಬಂದಾಗ ಅವಳಿಗೆ ಸಮಾಧಾನವಾಯಿತು. ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕೂತು ನಮ್ಮ ಹಳೇ ಡ್ರೈವರ್ ಬರ್ಲ್ ಹಾಚಿನ್ಸ್ ಯಂತ್ರಕ್ಕೆ ಶಾಪ ಹಾಕುತ್ತಿದ್ದ.

"ನನಗೆ ಯಾವಾಗ ನಿದ್ದೆ ಬರುತ್ತೆ ಅಂತ ಈ ಡಬ್ಬಿ ಹೇಳುತ್ತಾ? ಕಾಗದದ ಕಾಲದಲ್ಲಿ ನಾವು ಮನುಷ್ಯರಾಗಿದ್ವಿ."

"ಸತ್ತ ಮನುಷ್ಯರು" ಎಂದಳು ಲವಾನ್. "ಡಬ್ಬಿ ಸುಳ್ಳು ಹೇಳಲ್ಲ ಬರ್ಲ್. ನಿನ್ನ ಪುಸ್ತಕ ಓದಿದರೆ ನೀನು ದಿನವಿಡೀ ಮಲಗಿರೋ ಮಗು ಅನ್ಕೋಬೇಕು."

ಎಲ್ಲರೂ ನಕ್ಕರು. ಬರ್ಲ್ ಮೊಟ್ಟೆಯ ತಟ್ಟೆ ಸರಿಸಿ ಎದ್ದು ಹೋದ.

ಅದೇ ಚಳಿಗಾಲದಲ್ಲಿ ಅವಳು ಇಲಿನಾಯ್‌ನ ಒಂದು ಗೋದಾಮಿಗೆ ಸರಕು ಒಯ್ದಳು. ಬೆಳಿಗ್ಗೆಯಿಂದ ಸಂಜೆವರೆಗೆ ಇಳಿಸಿಕೊಳ್ಳದೆ ಕಾಯಿಸಿದರು. ಕೆಲಸ ಶುರುವಾದ ಹದಿನಾಲ್ಕು ಗಂಟೆಯೊಳಗೆ ಓಡಾಟ ಮುಗಿಯಬೇಕು, ಓಡಿಸಿದರೂ ಕಾದರೂ ಯಂತ್ರದ ಗಡಿಯಾರ ನಿಲ್ಲುವುದಿಲ್ಲ. ಲಾರಿ ಖಾಲಿಯಾಗುವ ಹೊತ್ತಿಗೆ ಅವಳ ದಿನ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಡ್ರೈವರುಗಳಿಗೆ ಲೋಡು ಹಂಚುವ ಕೈಲ್ ಆಫೀಸಿನಿಂದ ಫೋನ್ ಮಾಡಿದ.

"ಮುಂದಿನ ಲೋಡು ಕಾಯ್ತಿದೆ, ಹೊರಡು."

"ನನ್ನ ಗಂಟೆ ಮುಗೀತಾ ಬಂತು ಕಣೋ. ಪಕ್ಕದಲ್ಲೆಲ್ಲಾದರೂ ನಿಲ್ಲಿಸಿ ಮಲಗ್ತೀನಿ."

"ಸ್ವಂತ ಕೆಲಸ ಅಂತ ಒಂದು ಗುಂಡಿ ಇದೆಯಲ್ಲ, ಒತ್ತು. ಓಡಿಸಿದ್ದು ಲೆಕ್ಕಕ್ಕೇ ಬರಲ್ಲ."

"ಅಲ್ಲಯ್ಯಾ, ಕಂಪನಿ ಕೋಳಿ ತರೋದು ನನ್ನ ಸ್ವಂತ ಕೆಲಸವಾ?"

"ಎಲ್ಲರೂ ಒತ್ತುತಾರೆ ಲವಾನ್."

ಅವಳು ಒತ್ತಲಿಲ್ಲ. ಹತ್ತಿರದ ಮುಚ್ಚಿದ ಅಂಗಡಿಯೊಂದರ ಅಂಗಳದಲ್ಲಿ ನಿಲ್ಲಿಸಿ ಮಲಗಿದಳು. ಆ ಲೋಡು ಎತ್ತಿದವನು ಬರ್ಲ್.

ಮುಂದೆ ಹೋಟೆಲಿನಲ್ಲಿ ಸಿಕ್ಕಾಗ ಅವನ ಕಣ್ಣುಗಳು ನಿದ್ದೆಗೆಟ್ಟು ಕೆಂಡವಾಗಿದ್ದವು, ಬಾಯಿ ಮಾತ್ರ ಯಂತ್ರವನ್ನು ಹೊಗಳುತ್ತಿತ್ತು. "ಕಾಗದಕ್ಕಿಂತ ಇದೇ ವಾಸಿ. ಗೆರೆ ಎಳೆಯೋ ತಾಪತ್ರಯ ಇಲ್ಲ, ಒಂದು ಬೆರಳು ಸಾಕು."

"ಮಲಗಿ ಎಷ್ಟು ದಿನ ಆಯ್ತೋ ಮುದಿಯ?" ಎಂದಳು ಲವಾನ್. ಅವನು ಇನ್ನೊಂದು ಕಾಫಿ ತರಿಸಿದ. ಈ ಸಲ ಯಾರೂ ನಗಲಿಲ್ಲ.

ಅಲ್ಲಿಂದಾಚೆ ಕೈಲ್ ಅವಳಿಗೆ ಒಳ್ಳೆಯ ಲೋಡು ಕೊಡಲಿಲ್ಲ. ದಿನಗಟ್ಟಲೆ ಪಾರ್ಕಿಂಗಿನಲ್ಲಿ ಕೂತಿರುತ್ತಿದ್ದಳು. ವಸಂತ ಬರುವಷ್ಟರಲ್ಲಿ ಕರೆದು ಕೆಲಸದಿಂದ ತೆಗೆದರು. ಕಾರಣ ಕೇಳಿದ್ದಕ್ಕೆ ಕೈಲ್ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದನಂತೆ. "ನಿನ್ನ ಲಾರಿ ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ನಾನು ಹೇಳ್ತಿರೋದಲ್ಲ, ಯಂತ್ರ ಹೇಳ್ತಿರೋದು."

ಯಂತ್ರ ಹೇಳಿದ್ದು ನಿಜವೇ ಆಗಿತ್ತು.

ಕ್ಯಾಬಿನ್ ಖಾಲಿ ಮಾಡಲು ನಾನು ಹೋದೆ. ಹೊದಿಕೆ, ವಿದ್ಯುತ್ ಒಲೆ, ಆರ್ವಿಲನ ಚರ್ಮದ ಜಾಕೆಟ್ಟು ಎಲ್ಲವನ್ನೂ ಕಸದ ಕಪ್ಪು ಚೀಲಗಳಿಗೆ ತುಂಬಿ ನನ್ನ ಕಾರಿಗೆ ಹಾಕಿದೆವು. ಜಾಪ್ಲಿನ್ ದೂರವಿತ್ತು. "ಸ್ವಲ್ಪ ಮಲಗು, ಬಳಲಿದೀಯ" ಎಂದೆ.

"ಬೆಳಿಗ್ಗೆ ಕೆಲಸ ಮುಗಿಸಿ ಬಂದಿದೀಯಲ್ಲ, ನೀನು ಮಲಗಿದ್ಯಾ?" ಎಂದು ನನ್ನನ್ನೇ ಕೇಳಿದಳು.

ಮಲಗಿದ್ದೆ ಎಂದೆ. ನಂಬಲಿಲ್ಲವೇನೋ. ಮನೆ ಮುಟ್ಟುವವರೆಗೂ ಎವೆ ಮುಚ್ಚದೆ ನನ್ನ ಕಣ್ಣುಗಳನ್ನೇ ಕಾಯುತ್ತ ಕೂತಿದ್ದಳು.