ಯಜಮಾನರಿಗೆ ಕೇಳಿದ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಹೃದಯದ ಚಿಂತೆ ಇದ್ದದ್ದು ಯಜಮಾನರದ್ದು ಮಾತ್ರ. ಅವರ ಅಪ್ಪ, ಅಣ್ಣ ಇಬ್ಬರೂ ಎದೆನೋವು ಬಂದೇ ಹೋದವರು. ಇವರೋ ಬೀಡಿ ಬಿಟ್ಟವರಲ್ಲ. ಅದಕ್ಕೇ ಅವರ ಸಾರಿಗೆ ಉಪ್ಪು ಕಡಿಮೆ ಹಾಕಿ, ಬೆಳಗಾದರೆ ಬಿಳಿಗೆರೆ ರಸ್ತೆಯಲ್ಲಿ ನಡೆದು ಬನ್ನಿ ಎಂದು ಅಟ್ಟುತ್ತಿದ್ದೆ.

ನನಗಿದ್ದದ್ದು ಬರೀ ಗ್ಯಾಸ್. ಕೊಬ್ಬರಿ ಒಣಗಿಸುವ ಅಟ್ಟದ ಏಣಿ ಹತ್ತಿದರೆ ಎದೆಯ ನಡುವೆ ಯಾರೋ ಮೊಣಕಾಲೂರಿದಂತೆ ಭಾರ, ದವಡೆಯಲ್ಲೊಂದು ಸೆಳೆತ. ಕಾಯಿ ರಾಶಿಯ ಪಕ್ಕ ಸ್ವಲ್ಪ ಹೊತ್ತು ಕೂತರೆ ಹೋಗಿಬಿಡುತ್ತಿತ್ತು. ಜೀರಿಗೆ ಕಷಾಯ ಕುಡಿದು ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಯಜಮಾನರು ಸುಸ್ತು ಎಂದು ಮಲಗಿದರು. ಹಟ ಹಿಡಿದು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಇವರನ್ನು ಕೇಳತೊಡಗಿದರು.

“ಮೆಟ್ಲು ಹತ್ತೋವಾಗ ಎದೆ ಹಿಂಡಿದಂಗಾಗುತ್ತಾ?”

“ಇಲ್ಲ ಸಾರ್.”

ನನಗಾಗುತ್ತಲ್ಲ, ಎಂದುಕೊಂಡೆ.

“ಕೂತ್ರೆ ಕಮ್ಮಿಯಾಗೋಂಥ ನೋವು? ದವಡೆಗೆ, ಎಡಗೈಗೆ ಹರಡೋದು?”

“ಅಂಥದ್ದೇನೂ ಇಲ್ಲ, ಸುಸ್ತೊಂದೇ.”

ನನ್ನ ಕೈ ಆಗಲೇ ದವಡೆಯ ಮೇಲಿತ್ತು. “ಸಾರ್, ಅದೆಲ್ಲಾ ನಂಗಾಗುತ್ತೆ” ಎಂದೆ.

ಯಜಮಾನರು ನಕ್ಕರು. “ಅವಳಿಗೆ ಗ್ಯಾಸು ಬುಡಿ ಸಾರ್.”

ಡಾಕ್ಟರು ನಗಲಿಲ್ಲ. “ಯಾವಾಗ್ಲಿಂದಮ್ಮ?”

“ದೀಪಾವಳಿಯಿಂದ. ಈಗೀಗ ಅಂಗಳ ಗುಡಿಸಿದ್ರೂ ಬತ್ತದೆ.”

ಅವರು ಯಜಮಾನರನ್ನು ಕುರ್ಚಿಯಿಂದ ಎಬ್ಬಿಸಿ ನನ್ನನ್ನು ಕೂರಿಸಿದರು. ಇಸಿಜಿ ತೆಗೆದು ನೋಡಿ, ಮಾತ್ರೆಯೊಂದನ್ನು ಅಗಿಯಲು ಕೊಟ್ಟರು. “ಗ್ಯಾಸ್ ಅಲ್ಲಮ್ಮ, ಇದು ಆಂಜೈನಾ. ಹೃದಯಕ್ಕೆ ರಕ್ತ ಸಾಲ್ತಿಲ್ಲ. ಮನೆಗೆ ಹೋಗೋದು ಬೇಡ, ಈಗ್ಲೇ ತುಮಕೂರಿಗೆ ಹೊರಡಿ.”

ಗಂಡನನ್ನು ತೋರಿಸಲು ಬಂದವಳು ಆಂಬುಲೆನ್ಸಿನಲ್ಲಿ ಮಲಗಿದ್ದೆ. ಅದು ನನ್ನದೇ ಮೈ ಎಂದು ನಂಬಲಾಗುತ್ತಿರಲಿಲ್ಲ. ಯಜಮಾನರ ಮುಖ ಬಿಳಿಚಿಕೊಂಡಿತ್ತು.

“ನಿಂಗ್ಯಾಕೆ ಕಣೇ?” ಎಂದರು. “ಬಂದ್ರೆ ನಂಗಲ್ವಾ ಬರ್ಬೇಕಿದ್ದದ್ದು?”



ಹೃದಯದ ಒಂದು ರಕ್ತನಾಳ ಹೆಚ್ಚುಕಡಿಮೆ ಮುಚ್ಚೇಹೋಗಿತ್ತು. ಸ್ಟೆಂಟ್ ಹಾಕಿದರು. ಯಜಮಾನರ ಸುಸ್ತು ಬಿಸಿಲಿನದಾಗಿತ್ತು, ನನಗೇನಾಗುತ್ತದೋ ಎಂಬ ಗಾಬರಿಯಲ್ಲಿ ಅದನ್ನು ಅವರೇ ಮರೆತಿದ್ದರು.

ಎದ್ದು ಓಡಾಡಬಹುದು ಎಂದ ದಿನ ನರ್ಸಮ್ಮ ನನ್ನನ್ನು ವರಾಂಡದಲ್ಲಿ ನಡೆಸಿದರು. ತುದಿ ಮುಟ್ಟುವ ಹೊತ್ತಿಗೆ ಭಾರ ಬರುತ್ತದೆಂದು ಹೆದರಿ ಗೋಡೆ ಹಿಡಿದೆ. ಬರಲಿಲ್ಲ. ನೋವಿಲ್ಲದೆ ನಡೆಯುವುದು ಹೇಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಕಿಟಕಿಯ ಮುಂದೆ ದಂಗಾಗಿ ನಿಂತುಬಿಟ್ಟೆ.