ಬಂಪರ್ ಮೇಲಿಟ್ಟ ಗ್ಲಾಸು

ನಮ್ಮ ಯಜಮಾನರು ಲಾರಿಗಳ ಡೀಸೆಲ್ ಪಂಪು ಕೂರಿಸುತ್ತಿದ್ದರು. ಬ್ರೇಕು, ಕ್ಲಚ್ಚು ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ಪಂಪು, ಪಂಪಿನ ಟೈಮಿಂಗು, ಅಷ್ಟೆ. ಎಲ್ಲರೂ ಪಂಪ್ ಮೇಸ್ತ್ರಿ ಅನ್ನುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಹೋದರು. ಅವರ ಬಗ್ಗೆ ಬರೆಯೋದಾದರೆ ಕಣ್ಣಿನಿಂದ ಶುರು ಮಾಡಬೇಕು.

ಕಣ್ಣು ಒಂದೇ ಸಲ ಹೋಗಲಿಲ್ಲ. ಮೊದಲು ಪಕ್ಕದ್ದು ಕಾಣದಾಯಿತು. ಬಾಗಿಲಿಗೆ ಭುಜ ಹೊಡೆಸಿಕೊಂಡು ಬಾಗಿಲನ್ನೇ ಬೈಯುತ್ತಿದ್ದರು. ನರ ಒಣಗಿದೆ, ಹೋದದ್ದು ವಾಪಸ್ ಬರಲ್ಲ, ಇದ್ದಷ್ಟು ಉಳಿಸಿಕೊಳ್ಳಿ ಅಂದರು ಡಾಕ್ಟರು. ಔಷಧಿ ಹಾಕಿದೆವು. ಇದ್ದಷ್ಟೂ ಉಳಿಯಲಿಲ್ಲ. ಕೊನೆಗೆ ಎದುರಿಗೆ ನಿಂತದ್ದು ಆಳೋ ಕಂಬವೋ ಅನ್ನೋದು ಮಾತ್ರ ತಿಳಿಯುತ್ತಿತ್ತು. ಆಳು ಯಾರು ಅಂತ ತಿಳಿಯಬೇಕಾದರೆ ಆಳು ಮಾತಾಡಬೇಕಿತ್ತು.

"ಯಾರಿಗೂ ಹೇಳ್ಬೇಡ," ಅಂದರು. "ಕುರುಡನ ಹತ್ರ ಯಾವನು ಲಾರಿ ತರ್ತಾನೆ?"

ಕೆಲಸಕ್ಕೆ ಅವರ ಕೈಯೇ ಸಾಕಿತ್ತು. ಇಂಜಿನ್ನಿನ ಚಕ್ರದ ಮೇಲಿನ ಗುರುತು ಉಗುರಿಗೆ ಸಿಗುತ್ತಿತ್ತು. ಗೋಡೆ ಮೇಲೆ ಯಾವ ಸ್ಪ್ಯಾನರ್ ಎಲ್ಲಿದೆ ಅಂತ ಕೈಗೇ ಗೊತ್ತಿತ್ತು. ಒಂದಕ್ಕೆ ಮಾತ್ರ ಕಣ್ಣು ಬೇಕು. ಟೈಮಿಂಗ್, ಅಂದರೆ ಡೀಸೆಲ್ ಇಂಜಿನ್ನಿಗೆ ಬೀಳೋ ಗಳಿಗೆ, ಇಡುವಾಗ ಪಂಪಿನ ಮೊದಲನೇ ಪೈಪು ಬಿಚ್ಚಿ, ಹಕ್ಕಿಯ ಕತ್ತಿನ ಹಾಗೆ ಬಗ್ಗಿದ ಸಣ್ಣ ಕೊಳವೆ ಹಾಕುತ್ತಾರೆ. ಮೇಲೆ ಕಟ್ಟಿದ ಡಬ್ಬದಿಂದ ಡೀಸೆಲ್ ಇಳಿದು ಆ ಕೊಳವೆಯಲ್ಲಿ ಸುರಿಯುತ್ತದೆ. ಬೋಲ್ಟು ಸಡಿಲ ಮಾಡಿ, ಪಂಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ವಾಲಿಸುತ್ತಾ ಹೋಗಬೇಕು. ಸುರಿಯೋದು ಹನಿ ಆಗುತ್ತದೆ. ಹನಿ ನಿಲ್ಲುತ್ತದೆ. ನಿಂತ ಜಾಗದಲ್ಲಿ ಬಿಗಿಯಬೇಕು. ಮುಂಚೆ ಬಿಗಿದರೆ ಬಿಳಿ ಹೊಗೆ, ಲಾರಿ ದಿಬ್ಬ ಹತ್ತಲ್ಲ. ದಾಟಿಸಿ ಬಿಗಿದರೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಬಡಿಯುತ್ತದೆ.

ಆ ಹನಿ ಅವರಿಗೆ ಕಾಣಿಸುತ್ತಿರಲಿಲ್ಲ. ನನಗೆ ಕಾಣಿಸುತ್ತಿತ್ತು.

ಉಪಾಯ ಅವರದೇ. ಡಬ್ಬ ಕಟ್ಟಿದ ಕೂಡಲೇ ನಾನು ಚಹಾ ತರಬೇಕು. ಗ್ಲಾಸು ಕೈಯಲ್ಲಿ ಹಿಡಿದು ಕೊಳವೆಯ ಹತ್ತಿರ ನಿಲ್ಲಬೇಕು. ಹನಿ ನಿಂತಾಗ ಗ್ಲಾಸನ್ನು ಬಂಪರ್ ಮೇಲೆ ಟಕ್ ಅಂತ ಇಡಬೇಕು. ಅವರು ಬಿಗಿಯುತ್ತಿದ್ದರು. ಡ್ರೈವರುಗಳಿಗೆ ಪೇಪರ್ ಕಪ್ಪು. ಶೆಡ್ಡಿನಲ್ಲಿ ಗ್ಲಾಸು ಅಂತ ಇದ್ದದ್ದು ಅವರಿಗೊಂದೇ.

ಮೀಸೆ ಅಂತ ಒಬ್ಬ ಡ್ರೈವರ್. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿತ್ತು, ಹೆಸರು ಹಾಗೇ ಉಳಿದಿತ್ತು. ಅವನು ಬಾಯಿ ಸುಮ್ಮನಿಟ್ಟವನಲ್ಲ.

"ಏನತ್ತಿಗೆ, ಚಹಾ ಕೊಡೋದಕ್ಕೂ ಅಣ್ಣನ ಅಪ್ಪಣೆ ಬೇಕಾ? ಹಿಡ್ಕೊಂಡೇ ನಿಂತಿದೀರಲ್ಲ."

"ಬಿಸಿ ಇದೆ. ಆರಲಿ ಅಂತ."

"ನೀವು ಕೈಯಲ್ಲಿ ಆರಿಸ್ತೀರಿ, ಅವರು ಬಂಪರ್ ಮೇಲೆ ಆರಿಸ್ತಾರೆ. ಈ ಮನೇಲಿ ಬಿಸಿ ಚಹಾ ಕುಡಿದೋರೇ ಇಲ್ಲ ಬಿಡಿ."

ನಗುತ್ತಿದ್ದೆ. ಕಣ್ಣು ಹನಿಯ ಮೇಲೇ.

ನಮ್ಮ ಮನೆ ಅಂದರೆ ಶೆಡ್ಡಿನ ಹಿಂದಿನ ಒಂದು ಕೋಣೆ. ಅಡುಗೆ ಕಟ್ಟೆಯ ಕಿಟಕಿ ತೆಗೆದರೆ ಶೆಡ್ಡು. ಶೆಡ್ಡಿನ ಬಾಗಿಲು ತೆಗೆದರೆ ಲಾರಿಯ ಮೂತಿ. ಲಾರಿ ಯಾವಾಗ ಬರುತ್ತೋ ಹೇಳೋ ಹಾಗಿಲ್ಲ. ತರಕಾರಿ ತರೋದಕ್ಕೆ ಓಡಿ ಹೋಗಿ ಓಡಿ ಬರುತ್ತಿದ್ದೆ. ಅಂಗಡಿಯವಳು, "ಹಾಲು ಒಲೆ ಮೇಲಿಟ್ಟು ಬಂದಿದೀಯೇನೇ ದಿನಾ?" ಅನ್ನುತ್ತಿದ್ದಳು.

ಹೀಗಿರುವಾಗ ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳ ಊರಿಗೆ ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕೂರಬೇಕು. ಫೋನ್ ಮಾಡಿ, "ಒಂದ್ಸಲ ಬಂದು ಹೋಗೇ. ನನಗೆ ಜನರ ಗುರುತು ತಪ್ತಾ ಇದೆ," ಅಂದಳು.

ಇವರಿಗೆ ಹೇಳಿದೆ.

"ಎರಡು ಲಾರಿ ಒಪ್ಕೊಂಡಿದೀನಲ್ಲೇ."

"ಶೆಡ್ಡಿಗೆ ಬೀಗ ಹಾಕಿ. ನೀವೂ ಬನ್ನಿ."

"ಬೀಗ ಯಾಕೆ ಅಂತ ಕೇಳ್ತಾರೆ. ಅಲ್ಲಿ ಬಂದು ನಾನೇನು ಮಾಡ್ಲಿ? ಅವರ ಮನೇಲಿ ಗೋಡೆ ಎಲ್ಲಿದೆ ಅಂತಾನೂ ಗೊತ್ತಿಲ್ಲ."

ಆ ಎರಡು ಲಾರಿ ಮುಗಿದವು. ಇನ್ನೊಂದು ಬಂತು. ಅಕ್ಕ ಮತ್ತೆ ಫೋನ್ ಮಾಡಿದಳು. ಆ ದಿನ ನಾನು ತಟ್ಟೆಗೆ ಅನ್ನ ಹಾಕುತ್ತಾ, "ನಿಮಗೆ ಕಣ್ಣಾಗಿ ನನ್ನ ಕಾಲು ಹೋಯ್ತು," ಅಂದೆ. ಅವರು ತಟ್ಟೆಯಲ್ಲಿ ಬೆರಳಾಡಿಸಿ, ತಿನ್ನದೆ ಎದ್ದರು. ತಟ್ಟೆ ತೊಳೆದೆ. ಮತ್ತೇನು ಮಾಡೋದು.

ಆಮೇಲೆ ಮೀಸೆಯ ಲಾರಿ ಬಂತು. ಡಬ್ಬ ಕಟ್ಟಿಯಾಯಿತು. ನಾನು ಗ್ಲಾಸು ಹಿಡಿದು ನಿಂತೆ. ಹನಿ ಇನ್ನೂ ಬೀಳುತ್ತಾ ಇದೆ. ಮೀಸೆ ಎದುರಿನ ಹೋಟೆಲಿನಿಂದ ತನಗೊಂದು ಚಹಾ ತಂದಿದ್ದ. ಗಾಜಿನ ಗ್ಲಾಸಿನಲ್ಲಿ. ಕುಡಿದು ಮುಗಿಸಿ, ನಾನು ನೋಡುನೋಡುತ್ತಿದ್ದ ಹಾಗೆ ಬಂಪರ್ ಮೇಲೆ ಟಕ್ ಅಂತ ಇಟ್ಟ.

ಇವರು ಬಿಗಿದರು.

ಮೀಸೆಯ ಎದುರಿಗೆ ಏನಂತ ಹೇಳಲಿ? ಇವರು ಪೈಪು ಹಾಕಿದರು, ಮೀಸೆ ಹತ್ತಿ ಸ್ಟಾರ್ಟ್ ಮಾಡಿದ. ಇಂಜಿನ್ ಕೆಮ್ಮಿತು, ಕೆಮ್ಮಿತು, ಕಷ್ಟಪಟ್ಟು ಹಿಡಿಯಿತು. ಶೆಡ್ಡಿನ ತುಂಬ ಬಿಳಿ ಹೊಗೆ. ಇವರು ಕತ್ತು ಓರೆ ಮಾಡಿ ಕೇಳಿಸಿಕೊಂಡರು.

"ಆಫ್ ಮಾಡು," ಅಂದರು. "ಟೈಮಿಂಗ್ ಹಿಂದೆ ನಿಂತಿದೆ. ಯಾವ ಗ್ಲಾಸು ಅದು?"

ಮೀಸೆ ಇಳಿದು ಬಂದು ತನ್ನ ಗ್ಲಾಸನ್ನು ನೋಡಿದ, ನನ್ನ ಕೈಯಲ್ಲಿದ್ದದ್ದನ್ನು ನೋಡಿದ. ತನ್ನದನ್ನು ಎತ್ತಿಕೊಂಡ.

"ನಂದು ಅಣ್ಣ. ತಪ್ಪಾಯ್ತು. ಅತ್ತಿಗೆದು ಇನ್ನೂ ಕೈಯಲ್ಲೇ ಇದೆ."

ಡಬ್ಬದಿಂದ ಡೀಸೆಲ್ ವಾಸನೆ ಬರುತ್ತಿತ್ತು.

"ಎಷ್ಟು ದಿನದಿಂದ ಗೊತ್ತು ನಿನಗೆ?" ಇವರು ಕೇಳಿದರು.

"ನನಗೊಬ್ಬನಿಗೇನಣ್ಣ, ಈ ರಸ್ತೇಲಿ ಲಾರಿ ಓಡಿಸೋ ಎಲ್ರಿಗೂ ಗೊತ್ತು. ಹೋದ ವರ್ಷ ನೀವು ನನ್ನ ಲಾರಿಗೆ ನಮಸ್ಕಾರ ಹೇಳಿ, ನನ್ನನ್ನ ದಾಟ್ಕೊಂಡು ಹೋದ್ರಿ. ಅತ್ತಿಗೆ ನೋಡ್ತಾರೆ, ನೀವು ಬಿಗೀತೀರಿ. ಗಾಡಿ ದಿಬ್ಬ ಹತ್ತುತ್ತೆ. ನಮಗಿನ್ನೇನು ಬೇಕು?"

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೆ ಮಾತ್ರ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎಲ್ಲರಿಗೂ ಗೊತ್ತಿದ್ದ ಗುಟ್ಟಿಗೆ ನಾನು ಕಾವಲು ಕೂತಿದ್ದೆ.

ಇವರು ಮತ್ತೆ ಬೋಲ್ಟು ಸಡಿಲ ಮಾಡಿದರು. ಮತ್ತೆ ಡಬ್ಬ, ಮತ್ತೆ ಹನಿ. ಹನಿ ನಿಂತಾಗ ಗ್ಲಾಸು ಇಡಲಿಲ್ಲ. "ನಿಂತಿತು ಕಣ್ರೀ," ಅಂತ ಬಾಯಲ್ಲೇ ಹೇಳಿದೆ. ಬಿಗಿದು, ಕೈ ಒರೆಸಿಕೊಂಡು, "ನಾಳೆ ನಿಮ್ಮಕ್ಕನ ಹತ್ರ ಹೋಗಿ ಬಾ," ಅಂದರು.

ಹೋದೆ. ಅಕ್ಕ ನನ್ನನ್ನು ಅಮ್ಮ ಅಂತ ಕರೆದಳು. ಮರುದಿನ ಸಂಜೆ ಹೊತ್ತಿಗೆ ಗುರುತು ಹಿಡಿದು, "ಎಷ್ಟು ತಡ ಮಾಡಿದೆಯೇ," ಅಂದಳು. ಅವಳ ತಲೆ ಬಾಚಿ, ಪಕ್ಕದಲ್ಲೇ ಮಲಗಿದೆ. ನಾನಿಲ್ಲದಾಗ ಬಂದ ಡ್ರೈವರುಗಳಿಗೆಲ್ಲ ಇವರು, "ಕಣ್ಣು ಊರಿಗೆ ಹೋಗಿದೆ, ಬಂದ ಮೇಲೆ ಬಾ," ಅಂದರಂತೆ. ಅಷ್ಟು ಸಲೀಸಾಗಿ.

ಆಮೇಲೆ ಹೆಚ್ಚು ದಿನ ಇರಲಿಲ್ಲ ಅವರು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ನೀರು ತರುವಷ್ಟರಲ್ಲಿ ಮುಗಿದಿತ್ತು.

ಅಕ್ಕ ಇನ್ನೂ ಇದ್ದಾಳೆ. ಬಂದು ಇಲ್ಲೇ ಇರು ಅನ್ನುತ್ತಾಳೆ. ಅದಕ್ಕೇ ಶೆಡ್ಡನ್ನು ಬೇರೆ ಒಬ್ಬ ಮೇಸ್ತ್ರಿಗೆ ಬಿಟ್ಟುಕೊಟ್ಟೆ. ಒಳ್ಳೆಯವನು, ಕೆಲಸ ಗೊತ್ತಿದೆ. ನನ್ನ ಬಟ್ಟೆ ಎಲ್ಲಾ ಬ್ಯಾಗಿನಲ್ಲಿವೆ. ಅಕ್ಕ ಫೋನಿನಲ್ಲಿ ಯಾವಾಗ ಹೊರಡ್ತೀಯಾ ಅಂದರೆ ನಾಳೆ ಅನ್ನುತ್ತೇನೆ. ಬೆಳಗಾದರೆ ಕಿಟಕಿಯಾಚೆ ಲಾರಿ ನಿಂತಿರುತ್ತದೆ. ಈಗ ನನ್ನನ್ನು ಯಾರೂ ಹಿಡಿದಿಲ್ಲ. ಬ್ಯಾಗು ಮಂಚದ ಕೆಳಗೇ ಇದೆ.

ಮೊನ್ನೆ ಮೀಸೆಯ ಲಾರಿ ಬಂದಿತ್ತು. ಹೊಸಬ ಡಬ್ಬ ಕಟ್ಟಿದ. ನಾನು ಯಾವಾಗ ಚಹಾ ಮಾಡಿದೆನೋ, ಯಾವಾಗ ಹೋಗಿ ನಿಂತೆನೋ ಗೊತ್ತಿಲ್ಲ. ಹನಿ ಬೀಳುತ್ತಿತ್ತು. ಮೀಸೆ ನನ್ನನ್ನು ನೋಡಿ ತಲೆ ತಗ್ಗಿಸಿದ.

"ಅಮ್ಮಾ," ಅಂದ ಹೊಸಬ, "ಸ್ವಲ್ಪ ಆಚೆ ಬನ್ನಿ. ಬೆಳಕಿಗೆ ಅಡ್ಡ ನಿಂತಿದೀರಿ, ಹನಿ ಕಾಣ್ತಿಲ್ಲ."

ಸರಿದೆ. ಕೈಯಲ್ಲಿ ಗ್ಲಾಸಿತ್ತು. ಬಂಪರ್ ಮೇಲೆ ಇಡೋ ಹಾಗಿರಲಿಲ್ಲ. ಹಿಡಿದುಕೊಂಡೇ ನಿಂತೆ.