ಎಡಗೈಯಲ್ಲಿ ಕೊಟ್ಟ ಫೈಲು

ಮೆಡಿಕಲ್ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದ ದಿನ ನಮ್ಮ ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಖುಷಿಪಟ್ಟರು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಅಪ್ಪ ಆಫೀಸಿನಿಂದ ಬರುವಾಗ ಮೈಸೂರುಪಾಕು ತಂದರು. ನಾನು ಬಚ್ಚಲುಮನೆಗೆ ಹೋಗಿ ವಾಂತಿ ಮಾಡಿಕೊಂಡೆ.

ಬರೆ ಎಂದರೆ ಎಷ್ಟು ಬೇಕಾದರೂ ಬರೆಯುತ್ತಿದ್ದೆ. ಮಾತಾಡು ಎಂದರೆ ಗಂಟಲು ಒಣಗುತ್ತಿತ್ತು. ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಕೈಯಲ್ಲಿ ಹಿಡಿದಿದ್ದೀಯಲ್ಲ ಅದರ ಹೆಸರೇನು ಎಂದು ಕೇಳಿದಾಗ, ಎರಡು ವರ್ಷ ದಿನವೂ ಹಿಡಿದಿದ್ದ ಪಿಪೆಟ್ಟನ್ನು ಮೊದಲ ಸಲ ಕಂಡವಳಂತೆ ನೋಡುತ್ತ ನಿಂತಿದ್ದೆ. ಇಡೀ ದೇಶಕ್ಕೆ ಒಂದೇ ಪರೀಕ್ಷೆ ಎಂಬ ಈಗಿನ ಪದ್ಧತಿ ಆಗ ಇರಲಿಲ್ಲ. ಕೆಲವು ಕಾಲೇಜುಗಳು ತಮ್ಮದೇ ಲಿಖಿತ ಪರೀಕ್ಷೆ ಮಾಡಿ, ಅದರಲ್ಲಿ ಮುಂದೆ ಬಂದವರನ್ನು ಸಂದರ್ಶನಕ್ಕೆ ಕರೆಯುತ್ತಿದ್ದವು. ಸರ್ಕಾರಿ ಸೀಟಿಗೆ ನನ್ನ ರ‍್ಯಾಂಕ್ ಸಾಲದೆ ಹೋಗಿತ್ತು. ಖಾಸಗಿ ಸೀಟಿನ ಮಾತನ್ನು ಗುಮಾಸ್ತರ ಮನೆಯಲ್ಲಿ ಯಾರೂ ಎತ್ತಲಿಲ್ಲ. ಉಳಿದದ್ದು ಫೀಸು ಕಡಿಮೆಯಿದ್ದ ಇದೊಂದೇ ಕಾಲೇಜು. ಹದಿನೈದು ನಿಮಿಷ ಸರಿಯಾಗಿ ಬಾಯಿ ಬಿಟ್ಟರೆ ಡಾಕ್ಟರು, ಬಿಡದಿದ್ದರೆ ಆ ಆಸೆಯನ್ನು ಅಲ್ಲಿಗೇ ಬಿಡಬೇಕು.

ನಾವಿದ್ದದ್ದು ಚಾಮರಾಜಪೇಟೆಯಲ್ಲಿ. ನಮ್ಮ ಮನೆಯಿಂದ ಪೂರ್ವಕ್ಕೆ ಎರಡು ಮನೆ ದಾಟಿದರೆ ಒಬ್ಬ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಮ್ಮ ಬೀದಿಯ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ ಆದ್ದರಿಂದ ಅವರಿಗೆ ಎಲ್ಲರ ಮೇಲೂ ಹಕ್ಕಿತ್ತು. ಅಪ್ಪ ಹೋಗಿ ಕೇಳಿಕೊಂಡಾಗ, ಇನ್ನು ಹದಿನೆಂಟು ದಿನ ಇದೆ, ಹದಿನೆಂಟು ದಿನವೂ ಸಂಜೆ ಐದಕ್ಕೆ ಸರಿಯಾಗಿ ಕಳಿಸಿ ಎಂದರಂತೆ.

ಮೇಷ್ಟ್ರು ಪಂಚೆಯ ಮೇಲೆ ಹಳೆಯ ಕೋಟು ತೊಟ್ಟು ಕೂರುತ್ತಿದ್ದರು. ಕೋಟು ಹಾಕಿದರೆ ಅವರು ಸಂದರ್ಶಕರು, ತೆಗೆದರೆ ಮೇಷ್ಟ್ರು. ನಾನು ಬಾಗಿಲು ತಟ್ಟಬೇಕು, ಒಳಗೆ ಬರಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಬೇಕು, ಕೂರು ಎನ್ನುವವರೆಗೆ ಕೂರಬಾರದು. ನೋಡಿದವರಿಗೆ ನಗು ಬರುವಂಥ ನಾಟಕ. ನನಗೆ ಮಾತ್ರ ಆ ಕೋಟು ಕಂಡರೆ ಒಳಗಿರುವವರು ಮೇಷ್ಟ್ರು ಎಂಬುದೇ ಮರೆತುಹೋಗುತ್ತಿತ್ತು. ಮೊದಲ ಮೂರು ದಿನ ಹೊಸ್ತಿಲೇ ದಾಟಲಾಗಲಿಲ್ಲ. ಯಾಕೆಂದರೆ ನಾನು ಹುಟ್ಟಾ ಎಡಚಿ, ಗಾಬರಿಯಾದಾಗ ಎಡಗೈಯೇ ಮುಂದೆ ಬರುತ್ತದೆ. ಫೈಲನ್ನು ಎಡಗೈಯಲ್ಲಿ ಚಾಚಿದೆ. ಅವರು ಕೈಕಟ್ಟಿ ಕೂತರು.

"ಎಡಗೈಯಲ್ಲಿ ಕೊಟ್ಟಿದ್ದನ್ನ ನಾನು ಮುಟ್ಟೋದೂ ಇಲ್ಲ. ಹೊರಗೆ ಹೋಗು, ಮತ್ತೆ ಬಾ."

ಇದು ನನಗೊಬ್ಬಳಿಗೇ ಇದ್ದ ಕಟ್ಟಳೆಯಲ್ಲ. ಮಾರ್ಕೆಟ್ಟಿನಿಂದ ಬುಟ್ಟಿ ಹೊತ್ತು ಬರುತ್ತಿದ್ದ ಸೊಪ್ಪಿನವಳು ಎಡಗೈಯಲ್ಲಿ ಕೊತ್ತಂಬರಿ ಕಟ್ಟು ಕೊಟ್ಟರೂ, ಅವಳು ಕೈ ಬದಲಾಯಿಸುವವರೆಗೆ ಸುಮ್ಮನೆ ನಿಂತಿರುತ್ತಿದ್ದರು. ಅವರಂತೂ ಯಾರಿಗೂ ಏನನ್ನೂ ಎಡಗೈಯಲ್ಲಿ ಕೊಟ್ಟದ್ದನ್ನು ನಾನು ಕಂಡಿಲ್ಲ.

ನಾಲ್ಕನೆಯ ದಿನದಿಂದ ಪ್ರಶ್ನೆಗಳು ಶುರುವಾದವು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೊಂದು ಕಾಯಿಲೆಗೆ ಒಂದೊಂದು ಪುಟ ಬರೆಸಿದರು. ಸಕ್ಕರೆ ಕಾಯಿಲೆ, ಬಿಪಿ, ಡೆಂಗೆ, ಲಕ್ವ, ಹೀಗೆ. ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಸಂದರ್ಶನದಲ್ಲಿ ಕೇಳೇ ಕೇಳುತ್ತಾರೆ ಎಂದು ಒಂದು ಪ್ರಶ್ನೆಯನ್ನು ಮಾತ್ರ ದಿನವೂ ಕೇಳುತ್ತಿದ್ದರು. ನೀನು ಪರೀಕ್ಷೆಗೆ ಹೋಗುತ್ತಿದ್ದೀಯ, ದಾರಿಯಲ್ಲಿ ಒಬ್ಬ ಬಿದ್ದಿದ್ದಾನೆ, ನಿಂತರೆ ಪರೀಕ್ಷೆ ತಪ್ಪುತ್ತದೆ, ಏನು ಮಾಡುತ್ತೀ? ಅವನನ್ನು ಆಸ್ಪತ್ರೆಗೆ ಸೇರಿಸುತ್ತೇನೆ ಎಂದು ನಾನು ತಟ್ಟನೆ ಹೇಳಿದೆ. ಅವರು ಕೋಟು ತೆಗೆದರು.

"ಅಷ್ಟು ಬೇಗ ಹೇಳಿದ್ರೆ ಬಾಯಿಪಾಠ ಅಂತ ಗೊತ್ತಾಗ್ಬಿಡತ್ತೆ. ಒಂದ್ಸಲ ಕಿಟಕಿ ಕಡೆ ನೋಡು. ಯೋಚನೆ ಮಾಡು. ಆಮೇಲೆ ಹೇಳು, ಪರೀಕ್ಷೆ ಮುಂದಿನ ವರ್ಷವೂ ಬರತ್ತೆ ಅಂತ."

ಹೀಗೆ ಕಿಟಕಿ ನೋಡುವುದನ್ನೂ ಬಾಯಿಪಾಠ ಮಾಡಿಕೊಂಡೆ.

ಇನ್ನೇನು ಎರಡು ದಿನ ಇದೆ ಎನ್ನುವಾಗ ಅಜ್ಜಿ ಪಂಚಾಂಗ ತೆಗೆದಳು. ಸಂದರ್ಶನ ಸೋಮವಾರ, ಕಾಲೇಜು ಊರಿನ ಪೂರ್ವಕ್ಕೆ. ಸೋಮವಾರ ಪೂರ್ವಕ್ಕೆ ಶೂಲೆ, ಆ ದಿಕ್ಕಿಗೆ ಹೊರಟ ಕೆಲಸ ಕೈಗೂಡುವುದಿಲ್ಲ ಎಂದಳು. ಅಲ್ಲಿಗೆ ಬರುವ ಉಳಿದ ಮಕ್ಕಳಿಗೆ ಶೂಲೆ ಇಲ್ಲವೇ ಎಂದು ಅಪ್ಪ ಕೇಳಿದರು. ಅವರನ್ನು ಅವರವರ ಅಜ್ಜಿಯರು ನೋಡಿಕೊಳ್ಳುತ್ತಾರೆ ಎಂದು ಅಜ್ಜಿ ಅಪ್ಪನ ಬಾಯಿ ಮುಚ್ಚಿಸಿದಳು. ಇದಕ್ಕೆ ನಮ್ಮಲ್ಲಿ ಪರಸ್ಥಾನ ಇಡುವುದು ಎಂಬ ಉಪಾಯವಿದೆ. ಹೊರಡುವವರ ಒಂದು ವಸ್ತುವನ್ನು ಹಿಂದಿನ ದಿನವೇ ಒಳ್ಳೆಯ ಹೊತ್ತಿನಲ್ಲಿ ಆ ದಿಕ್ಕಿನ ಬೇರೊಬ್ಬರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಅಂದೇ ಶುರುವಾದ ಹಾಗೆ. ಮಾರನೆಯ ದಿನ ಅದನ್ನೆತ್ತಿಕೊಂಡು ಮುಂದೆ ಹೋಗುವುದಷ್ಟೇ. ಹಿಂದಕ್ಕೆ ತರುವಂತಿಲ್ಲ, ಹಿಂತಿರುಗುವಂತಿಲ್ಲ. ಅಮ್ಮ ಒಂದು ಕರ್ಚೀಫು ಇಟ್ಟರೆ ಸಾಕು ಎಂದಳು. ಕರ್ಚೀಫೇನು ಸಂದರ್ಶನಕ್ಕೆ ಹೋಗುತ್ತಿಲ್ಲವಲ್ಲ ಎಂದು ಅಜ್ಜಿ ನನ್ನ ನೀಲಿ ಫೈಲನ್ನೇ ಎತ್ತಿಕೊಟ್ಟಳು. ಅಸಲು ಅಂಕಪಟ್ಟಿಗಳು, ಜನನ ಪತ್ರ, ಕರೆ ಬಂದ ಕಾಗದ, ಎಲ್ಲವೂ ಅದರಲ್ಲಿದ್ದವು. ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋಗಿ ಕೊಟ್ಟೆ, ಬಲಗೈಯಲ್ಲಿ. ಅವರು ನಕ್ಕು, ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಪಟದ ಕೆಳಗೆ ಇಟ್ಟರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅಪ್ಪ ಆಟೋ ಹಿಡಿದು ಮೇಷ್ಟ್ರ ಮನೆಯ ಮುಂದೆ ನಿಲ್ಲಿಸಿದರು. ನಾನು ಬಾಗಿಲು ತಟ್ಟಿದೆ. ಯಾರೂ ತೆಗೆಯಲಿಲ್ಲ. ಮತ್ತೆ ತಟ್ಟಿದೆ. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಬಸವನಗುಡಿಗೆ ಹೋಗಿ ವಾರವಾಗಿತ್ತು. ಇವರೂ ಬೆಳಿಗ್ಗೆಯೇ ಮೊಮ್ಮಗುವನ್ನು ನೋಡಲು ಹೊರಟುಬಿಟ್ಟರೇನೋ ಎಂದು ಇನ್ನೂ ಜೋರಾಗಿ ತಟ್ಟಿದೆ. ಎಂಟೂವರೆಯ ಒಳಗೆ ಹಾಜರಾಗದವರ ಹೆಸರು ಹೊಡೆದುಹಾಕುತ್ತೇವೆ ಎಂದು ಕಾಗದದಲ್ಲಿ ಬರೆದಿತ್ತು. ಆ ಕಾಗದವೂ ಒಳಗೇ ಇತ್ತು.

ಕೊನೆಗೆ ಒಳಗೆ ಚಿಲಕ ತಡಕಾಡುವ ಸದ್ದಾಯಿತು. ಅದೂ ಬಹಳ ಹೊತ್ತು. ಬಾಗಿಲು ಅರ್ಧ ತೆರೆಯಿತು. ಐದಕ್ಕೇ ಸ್ನಾನ ಮುಗಿಸುವ ಮನುಷ್ಯ ಮುದುಡಿದ ಬನಿಯನ್ನಿನಲ್ಲಿ, ಬಾಯಲ್ಲಿ ಟವೆಲ್ ಕಚ್ಚಿಕೊಂಡು ನಿಂತಿದ್ದರು. ಕೊನೆಯ ಗಳಿಗೆಯ ಬುದ್ಧಿಮಾತು ಏನಾದರೂ ಇರುತ್ತದೆ ಎಂದು ಕಾದೆ. ಇರಲಿಲ್ಲ. ಆಮೇಲೆ ಬಗ್ಗಿ ಬಾಗಿಲ ಪಕ್ಕ ಗೋಡೆಗೆ ಒರಗಿಸಿಟ್ಟಿದ್ದ ಫೈಲು ತೆಗೆದು ಚಾಚಿದರು.

ಎಡಗೈಯಲ್ಲಿ.

ನಾನು ಬಲಗೈಯಲ್ಲೇ ತೆಗೆದುಕೊಂಡು ನಮಸ್ಕಾರ ಮಾಡಿದೆ. ಟವೆಲ್ಲಿನ ಒಳಗಿಂದ ಏನೋ ಅಂದರು, ಹೋಗಿ ಬಾ ಎಂದಿರಬೇಕು, ಬಾಯಿ ತುಂಬ ಅನ್ನವಿದ್ದಂತೆ ಕೇಳಿಸಿತು. ಬಾಗಿಲು ಮುಚ್ಚಿತು.

ಆಟೋ ಬೀದಿ ತಿರುಗಿತು. ಅಪ್ಪ, "ಎಡಗೈಯಲ್ಲಿ ಕೊಟ್ರಲ್ಲ ಅವರು" ಎಂದರು. ಶಕುನ ಗಿಕುನ ಎಂದು ಅಜ್ಜಿಯನ್ನು ದಿನವೂ ಗೇಲಿ ಮಾಡುವ ಅಪ್ಪನೇ ಹೀಗೆಂದರು. ಹೋಯಿತು, ಸೀಟು ಹೋಯಿತು ಎಂದುಕೊಂಡೆ. ಮೇಷ್ಟ್ರ ಮೇಲೆ ಕೆಟ್ಟ ಸಿಟ್ಟೂ ಬಂತು. ಹದಿನೆಂಟು ದಿನ ನನ್ನ ಕೈ ತಿರುಚಿದವರಿಗೆ ಇವತ್ತೊಂದು ದಿನ ತಮ್ಮ ಕೈ ನೆನಪಿರಲಿಲ್ಲವೇ.

ಮನಸ್ಸನ್ನು ಬೇರೆ ಕಡೆ ತಿರುಗಿಸಲು ನೋಟ್‌ಬುಕ್ ತೆಗೆದೆ. ಆಟೋ ಮಾರ್ಕೆಟ್ಟಿನ ಮುಂದೆ ಬಸ್ಸುಗಳ ನಡುವೆ ತೆವಳುತ್ತಿತ್ತು. ಸಕ್ಕರೆ ಕಾಯಿಲೆ ಮುಗಿಯಿತು, ಬಿಪಿ ಮುಗಿಯಿತು, ಡೆಂಗೆ ಮುಗಿಯಿತು. ಮುಂದಿನ ಪುಟ ತಿರುಗಿಸಿದೆ. ಲಕ್ವ. ಮುಖ ಒಂದು ಕಡೆಗೆ ವಾಲುತ್ತದೆ. ಕೈ ಸೋಲುತ್ತದೆ. ಮಾತು ತೊದಲುತ್ತದೆ. ಕೆಳಗೆ ಮೇಷ್ಟ್ರ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ಹೊತ್ತು ಮುಖ್ಯ, ತಡ ಮಾಡಬಾರದು ಎಂದು ಬರೆದಿತ್ತು.

ನನಗೆ ಗೊತ್ತಾಯಿತು. ಅನುಮಾನ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಟವೆಲ್ಲು ಮುಚ್ಚಿದ್ದ ಮುಖ, ಕೈ, ಆ ಮಾತು, ಮೂರೂ ಆ ಪುಟದ ಮೇಲೆ ನನ್ನ ಅಕ್ಷರದಲ್ಲೇ ಇದ್ದವು. ಟೌನ್ ಹಾಲ್ ಮುಂದೆ ಸಿಗ್ನಲ್ ಕೆಂಪಾಗಿತ್ತು. ಪಕ್ಕದಲ್ಲೇ ಅಪ್ಪ, ಅವರ ಜೇಬಿನಲ್ಲಿ ಫೋನು. ಒಂದೇ ಮಾತು ಸಾಕಿತ್ತು. ಆದರೆ ಅಪ್ಪನನ್ನು ನಾನು ಬಲ್ಲೆ. ಫೋನು ಮಾಡಿ ಸುಮ್ಮನಾಗುವವರಲ್ಲ, ಆಟೋ ತಿರುಗಿಸಿ ತಾವೇ ಹೊತ್ತುಕೊಂಡು ಹೋಗುವವರು. ತಿರುಗಿಸಿದರೆ ಎಂಟೂವರೆಗೆ ಮುಟ್ಟುವುದಿಲ್ಲ. ತಲುಪಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಸಿಗ್ನಲ್ ಹಸಿರಾಯಿತು.

ಮುಂದಿನ ಒಂದೊಂದು ಸಿಗ್ನಲ್ಲಿನಲ್ಲೂ ಒಂದೊಂದು ನೆಪ ಸಿಕ್ಕಿತು. ಕೈ ಮೇಲೆ ಮಲಗಿ ಜೋಮು ಹಿಡಿದಿರಬಹುದು. ಹಲ್ಲುಜ್ಜುತ್ತಿದ್ದಿರಬಹುದು. ಎಂಟಕ್ಕೆ ಮನೆಕೆಲಸದವಳು ಬರುತ್ತಾಳೆ, ನೋಡುತ್ತಾಳೆ. ಅಷ್ಟಕ್ಕೂ ನಾನೇನು ಡಾಕ್ಟರೇ? ಡಾಕ್ಟರಾಗಲು ಹೊರಟ ಹುಡುಗಿ, ತಾನು ಡಾಕ್ಟರಲ್ಲ ಎಂದು ಸಮಾಧಾನಪಟ್ಟುಕೊಂಡಳು. ಬೆವರಿಗೆ ಫೈಲಿನ ನೀಲಿ ಬಣ್ಣ ಅಂಗೈಗೆ ಹತ್ತಿತ್ತು.

ಕಾಲೇಜು ತಲುಪಿ, ಸಾಲಿನಲ್ಲಿ ನಿಂತು, ಕಾಗದಪತ್ರ ತೋರಿಸಿ, ನನ್ನ ಹೆಸರಿನ ಮುಂದೆ ಗುರುತು ಬಿದ್ದದ್ದನ್ನು ಕಣ್ಣಾರೆ ನೋಡಿದ ಮೇಲೆ ಅಪ್ಪನ ಹತ್ತಿರ ಬಂದೆ.

"ಅಪ್ಪಾ, ಅಮ್ಮಂಗೆ ಫೋನ್ ಮಾಡಿ, ಮೇಷ್ಟ್ರನ್ನ ಒಂದ್ಸಲ ಹೋಗಿ ನೋಡಕ್ಕೆ ಹೇಳಿ. ಯಾಕೋ ಹುಷಾರಿಲ್ಲ ಅನ್ಸತ್ತೆ."

ಈಗಷ್ಟೇ ಹೊಳೆದವಳ ಹಾಗೆ ಹೇಳಿದೆ. ಮೇಷ್ಟ್ರ ಬಾಗಿಲು ಮುಚ್ಚಿ ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಅಷ್ಟರಲ್ಲಿ ಸಂದರ್ಶನಕ್ಕೆ ಬಂದವರನ್ನೆಲ್ಲ ಒಳಗೆ ಕರೆದರು. ಅಪ್ಪ ಫೋನು ಕಿವಿಗಿಟ್ಟುಕೊಂಡು ನಿಂತದ್ದು ಗಾಜಿನಾಚೆ ಕಂಡಿತು, ಅವರ ಮಾತು ಕೇಳಲಿಲ್ಲ.

ನನ್ನ ಸರದಿ ಬರುವಾಗ ಹನ್ನೊಂದು ದಾಟಿತ್ತು. ಮೇಜಿನ ಆಚೆ ಐದು ಜನ. ಅವರನ್ನು ಕಂಡು ಹೆದರಬೇಕಿತ್ತು, ಆದರೆ ಇದ್ದ ಭಯವೆಲ್ಲ ಮೇಷ್ಟ್ರ ಬಾಗಿಲಲ್ಲೇ ನಿಂತಿತ್ತು. ಗಂಟಲು ಒಣಗಲಿಲ್ಲ. ಮಾತು ಸಲೀಸಾಗಿ ಬಂತು. ಕೊನೆಯಲ್ಲಿ, ಕಾಟನ್ ಸೀರೆ ಉಟ್ಟಿದ್ದ ವಯಸ್ಸಾದ ಲೇಡಿ ಡಾಕ್ಟರೊಬ್ಬರು ಆ ಪ್ರಶ್ನೆಯನ್ನೇ ಕೇಳಿದರು. ಪರೀಕ್ಷೆಗೆ ಹೋಗುತ್ತಿದ್ದೀಯ, ದಾರಿಯಲ್ಲಿ ಒಬ್ಬರು ಬಿದ್ದಿದ್ದಾರೆ.

ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಮಾಲಿಯೊಬ್ಬ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ಬಾಯಿಪಾಠದ ಕಿಟಕಿಯಲ್ಲ ಅದು. ಮೇಷ್ಟ್ರು ಬದುಕಿದ್ದಾರೋ ಇಲ್ಲವೋ ಎಂದು ನಿಜವಾಗಿ ಯೋಚಿಸಿದೆ, ಎಲ್ಲವನ್ನೂ ಹೇಳಿಬಿಡಲೇ ಎಂದೂ ಯೋಚಿಸಿದೆ. ಅಷ್ಟರಲ್ಲಿ ಬಾಯಿ ತಾನೇ ಹೇಳಿತು: ನಿಲ್ಲುತ್ತೇನೆ, ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ.

ಬೆಳಗಿನಿಂದ ಎಲ್ಲರೂ ಇದೇ ಉತ್ತರ ಕೊಟ್ಟರು, ಹೇಳುವ ಮುಂಚೆ ಯೋಚನೆ ಮಾಡಿದವಳು ನೀನೊಬ್ಬಳೇ ಎಂದು ಆ ಡಾಕ್ಟರು ಮೆಚ್ಚಿಕೊಂಡರು.

ಹೊರಗೆ ಅಪ್ಪ ಬಿಸಿಲಲ್ಲೇ ನಿಂತಿದ್ದರು. ಅಮ್ಮ ಹೋದಾಗ ಮೇಷ್ಟ್ರು ಕೋಟು ತೊಟ್ಟು ಕೂರುತ್ತಿದ್ದ ಕುರ್ಚಿಯಲ್ಲೇ ವಾಲಿ ಕೂತಿದ್ದರಂತೆ, ಬಲಗೈ ಜೋತುಬಿದ್ದಿತ್ತಂತೆ. ಮನೆಕೆಲಸದವಳು ಅವತ್ತು ಬಂದೇ ಇರಲಿಲ್ಲ. ಎದುರು ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ, ಜೀವಕ್ಕೆ ಅಪಾಯವಿಲ್ಲ ಎಂದರು. ಯಾವಾಗ ಶುರುವಾಯಿತು ಎಂದು ಅಲ್ಲಿ ಕೇಳಿದರಂತೆ. ಏಳು ಗಂಟೆಗೆ ಚೆನ್ನಾಗೇ ಇದ್ದರು, ಫೈಲು ಕೊಟ್ಟರಲ್ಲ ಎಂದು ತಾವು ಫೋನಿನಲ್ಲಿ ಹೇಳಿದ್ದಾಗಿ ಅಪ್ಪ ಅಂದರು. ನಾನು ತಿದ್ದಲಿಲ್ಲ.

ಸೀಟು ಸಿಕ್ಕಿತು. ಒಂದು ತಿಂಗಳಾದ ಮೇಲೆ ಮೇಷ್ಟ್ರು ಮನೆಗೆ ಬಂದರು. ಮಾತು ಬಹುಪಾಲು ಮರಳಿತ್ತು, ಕಾಲು ಸ್ವಲ್ಪ ಎಳೆಯುತ್ತಿತ್ತು. ಬಲಗೈ ಮರಳಲಿಲ್ಲ. ಪೇಡ ಹಿಡಿದು ಹೋದೆ. ಹೇಳಿಬಿಡಬೇಕು ಎಂದೇ ಹೋದೆ. ಅವರು ಕಲಿಸಿದಂತೆ ಬಾಗಿಲು ತಟ್ಟಿದೆ, ಕೂರು ಎನ್ನುವವರೆಗೆ ಕೂರಲಿಲ್ಲ. ಸಂದರ್ಶನದಲ್ಲಿ ಏನು ಕೇಳಿದರು ಎಂದರು ಮೇಷ್ಟ್ರು. ಆ ಪ್ರಶ್ನೆಯನ್ನೇ ಕೇಳಿದರು ಎಂದೆ. ಮುಖದ ಅರ್ಧ ಭಾಗ ನಕ್ಕಿತು. ಕಿಟಕಿ ನೋಡಿದೆಯಾ ಎಂದರು. ನೋಡಿದೆ ಎಂದೆ. ಆಮೇಲೆ, ಸಾರ್, ಅವತ್ತು ಬೆಳಿಗ್ಗೆ ಎಂದು ಶುರುಮಾಡಿದೆ.

"ಗೊತ್ತು, ಎಡಗೈಯಲ್ಲಿ ಕೊಟ್ಟೆ" ಎಂದರು, ತಪ್ಪು ಮಾಡಿದವರ ಹಾಗೆ. "ಐದು ಗಂಟೆಯಿಂದ್ಲೇ ಕೈ ಎತ್ತಕ್ಕೆ ಆಗ್ತಿರ್ಲಿಲ್ಲ ಕಣೆ. ಗೊತ್ತಾದ್ರೆ ನೀನು ಹೋಗ್ತಾನೇ ಇರ್ಲಿಲ್ಲ. ಅದಕ್ಕೇ ಬಾಯಿಗೆ ಟವೆಲ್ ಇಟ್ಕೊಂಡೆ."

ನನ್ನ ಬಾಯಲ್ಲಿದ್ದದ್ದು ಬಾಯಲ್ಲೇ ಉಳಿಯಿತು. ಅವರು ಎಡಗೈಯಲ್ಲಿ ಒಂದು ಪೇಡ ಎತ್ತಿ ನನಗೆ ಚಾಚಿದರು, ಚಾಚಿದವರು ನೆನಪಾಗಿ ಹಿಂತೆಗೆದುಕೊಂಡು ತೊಡೆಯ ಮೇಲಿದ್ದ ಬಲ ಅಂಗೈಯೊಳಗೆ ಅದನ್ನು ಇಡಲು ಹೆಣಗಿದರು. ಅದು ನೆಲಕ್ಕೆ ಬೀಳುವ ಮೊದಲು ನಾನು ಕೈ ಚಾಚಿ ತೆಗೆದುಕೊಂಡೆ. ಅದು ನನ್ನ ಎಡಗೈಯಾಗಿತ್ತು, ಅವರು ಬೈಯಲಿಲ್ಲ.

ಈಗ ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಲಕ್ವ ಹೊಡೆದವರನ್ನು ಕರೆತಂದಾಗ ಎಷ್ಟು ಹೊತ್ತಿಗೆ ಶುರುವಾಯಿತು ಎಂದು ನಾನೇ ಕೇಳಬೇಕು. ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಆಮೇಲೆ ತಡವನ್ನು ಒಂದು ಗಂಟೆ ಕಡಿಮೆ ಮಾಡಿ ಹೇಳುತ್ತಾರೆ. ನಾನು ಗದರುವುದಿಲ್ಲ. ಅದನ್ನು ಜೊತೆಯವರು ತಾಳ್ಮೆ ಎಂದುಕೊಂಡಿದ್ದಾರೆ. ಅದು ತಾಳ್ಮೆಯಲ್ಲ, ಭಯ. ನೀವೆಷ್ಟು ತಡ ಮಾಡಿದ್ದಿರಿ ಎಂದು ಯಾರಾದರೂ ತಿರುಗಿ ಕೇಳಿಬಿಟ್ಟರೆ ಎಂಬ ಭಯ.

ಮೇಷ್ಟ್ರು ಅದೇ ಮನೆಯಲ್ಲಿದ್ದಾರೆ. ನಾನು ಹೋದಾಗ ಯಾರಾದರೂ ಬಂದಿದ್ದರೆ ನನ್ನನ್ನು ತೋರಿಸಿ, ನನ್ನ ಸ್ಟೂಡೆಂಟು, ಅವತ್ತು ನನಗೆ ಹುಷಾರಿಲ್ಲ ಅಂತ ಮೊದಲೇ ಒಂದು ಮಾತು ಗೊತ್ತಾಗಿದ್ದರೆ ಇಂಟರ್‌ವ್ಯೂ ಬಿಟ್ಟು ಓಡಿಬರುತ್ತಿದ್ದಳು ಎನ್ನುತ್ತಾರೆ. ಬಂದವರು ನನ್ನ ಮುಖ ನೋಡುತ್ತಾರೆ. ನಾನು ಕಿಟಕಿಯ ಕಡೆ ನೋಡುತ್ತೇನೆ.